ಇಲಿಜ್ವರ: ಅದರ ಕಾರಣ, ಲಕ್ಷಣ ಮತ್ತು ನಿವಾರಣೋಪಾಯಗಳು

ಮುಂಗಾರು ಹಿಡಿದು ಕೆರೆಕಟ್ಟೆಗಳು ತುಂಬಿ, ಗದ್ದೆಗಳಲ್ಲಿ ಉಳುಮೆ ನಾಟಿಗಳು ಭರದಿಂದ ಸಾಗುತ್ತಿರುವ ಕಾಲದಲ್ಲಿ ಆಳುಗಳಿಗೆ ಜ್ವರ ಬರುವುದು ನಮ್ಮ ಗ್ರಾಮಾಂತರಗಳಲ್ಲಿ ಹೊಸ ಸಂಗತಿಯೇನೂ ಅಲ್ಲ. ಜ್ವರವು ಮಳೆಯಲ್ಲಿ ನೆನೆದುದರಿಂದ ಬಂದಿತೆಂದೂ, ಮೈಕೈ ನೋವು ದುಡಿಮೆಯಿಂದ ಬಂದಿತೆಂದೂ ಭಾವಿಸಿ, ಕಷಾಯವನ್ನು ಕುಡಿದು ಎರಡು ಮೂರು ದಿನ ಮಲಗಿ, ಪುನಃ ಕೆಲಸಕ್ಕೆ ಹೊರಡುವುದು ವಾಡಿಕೆ. ಅನೇಕ ವೇಳೆ ಈ ಊಹೆಯು ನಿಜವೇ ಆಗಿರಬಹುದು. ಆದರೆ ಇಂತಹ ಜ್ವರಗಳ ಮಧ್ಯದಲ್ಲಿ ಬೇರೊಂದು ಜ್ವರವು ಮರೆಯಾಗಿ ಬರುವುದುಂಟು. ಮೊದಲ ನಾಲ್ಕಾರು ದಿನಗಳಲ್ಲಿ ಗುರುತಿಸಿದರೆ ಅದು ಸುಲಭವಾಗಿ ಗುಣವಾಗತಕ್ಕದ್ದು. ಅಲಕ್ಷ್ಯ ಮಾಡಿದರೆ ಮೂತ್ರಪಿಂಡ, ಯಕೃತ್ತು ಮತ್ತು ಶ್ವಾಸಕೋಶಗಳನ್ನು ಕೆಡಿಸಿ ಪ್ರಾಣವನ್ನೇ ತೆಗೆಯತಕ್ಕದ್ದು. ಇದನ್ನು ಜನರು ಇಲಿಜ್ವರವೆಂದು ಕರೆಯುವರು. ವೈದ್ಯರು ಲೆಪ್ಟೊಸ್ಪೈರೋಸಿಸ್ ಎನ್ನುವರು. ನಮ್ಮ ಕರಾವಳಿ ಮತ್ತು ಮಲೆನಾಡಿನ ಜಿಲ್ಲೆಗಳಲ್ಲಿ ಇದು ಮಳೆಗಾಲದಲ್ಲಿ ಕಾಣಿಸಿಕೊಳ್ಳುವ ರೋಗವಾದುದರಿಂದ, ಗ್ರಾಮದ ಮುಖ್ಯಸ್ಥರೂ ಆಳುಗಳನ್ನಿಟ್ಟು ಬೇಸಾಯ ನಡೆಸುವ ಜಮೀನುದಾರರೂ ಇದರ ಸ್ವರೂಪವನ್ನು ಚೆನ್ನಾಗಿ ತಿಳಿದಿರುವುದು ಅವಶ್ಯಕ.

ಪೂರ್ವ ಚರಿತ್ರೆ

ಕಾಮಾಲೆಯಿಂದ ಕೂಡಿದ ಈ ಜ್ವರವನ್ನು ಜರ್ಮನಿಯ ಹೈಡೆಲ್‌ಬರ್ಗ್ ನಗರದ ವೈದ್ಯರಾದ ಅಡಾಲ್ಫ್ ವೈಲ್ ಎಂಬವರು 1886ನೆಯ ಇಸವಿಯಲ್ಲಿ ವಿವರಿಸಿದರು. ಆದರೆ ಇದಕ್ಕೆ ಕಾರಣವೇನೆಂಬುದು ಆಗ ಗೊತ್ತಾಗಿರಲಿಲ್ಲ. ಸುಮಾರು ಮೂವತ್ತು ವರ್ಷಗಳ ತರುವಾಯ, 1915ರಲ್ಲಿ, ಜಪಾನಿನ ಇನಾಡಾ ಮತ್ತು ಇಡೋ ಎಂಬ ವೈದ್ಯರು ಕಲ್ಲಿದ್ದಲು ಗಣಿಗಳಲ್ಲಿ ನೀರು ನಿಂತ ಕಡೆ ದುಡಿಯುತ್ತಿದ್ದವರಿಗೆ ಬರುತ್ತಿದ್ದ ಜ್ವರವನ್ನು ಪರೀಕ್ಷಿಸಿ, ಅದಕ್ಕೆ ಕಾರಣವಾದ ಸೂಕ್ಷ್ಮಾಣುವನ್ನು ಕಂಡುಹಿಡಿದರು. ಇಲಿಗಳ ಮೂತ್ರಪಿಂಡದಲ್ಲಿ ಇದೇ ಸೂಕ್ಷ್ಮಾಣುವು ವಾಸಮಾಡಿಕೊಂಡಿರುವುದೂ ಕೆಲವೇ ಕಾಲದಲ್ಲಿ ತಿಳಿದುಬಂದಿತು.

ಬೇಸಾಯಗಾರರಿಗೆ ಹೆಚ್ಚು ಸಂಬಂಧಪಟ್ಟ ಸಂಗತಿಯು ಆಸ್ಟ್ರೇಲಿಯಾ ದೇಶದ ಕ್ವೀನ್ಸ್‌ಲೆಂಡ್ ಪ್ರಾಂತದಲ್ಲಿ ನಡೆಯಿತು. ಅಲ್ಲಿ ಇಂಗ್‌ಹ್ಯಾಂ ಎಂಬ ಕಬ್ಬಿನ ಸೀಮೆಯಲ್ಲಿ 1933-34ರಲ್ಲಿ ಕಬ್ಬು ಕಡಿಯುವ ಆಳುಗಳಿಗೆ ಈ ಜ್ವರವು ತಗುಲಿ ಕೆಲವರು ಮೃತರಾದರು. ಒತ್ತಾಗಿ ಬೆಳೆದ ಕಬ್ಬಿನ ಬುಡದಲ್ಲಿ ಇಲಿಗಳು ವಿಪರೀತವಾಗಿದ್ದುವು. ಕಡಿಯುವ ಮುಂಚೆ ಕಬ್ಬಿನ ಗರಿಯನ್ನು ಸುಟ್ಟರೆ ಇಲಿಗಳು ಓಡಿಹೋಗುವುವೆಂದು ಆಳುಗಳು ಬೇಡಿದರು. ಸುಟ್ಟ ಕಬ್ಬಿಗೆ ಬೆಲೆ ತಗ್ಗುವುದೆಂಬ ಕಾರಣದಿಂದ ಇದಕ್ಕೆ ಒಪ್ಪಿಗೆಯು ಸುಲಭವಾಗಿ ದೊರೆಯಲಿಲ್ಲ. ಕೊನೆಗೆ 1935ರಲ್ಲಿ ಆಳುಗಳು ವಾರಗಟ್ಟಲೆ ಕೆಲಸವನ್ನು ನಿಲ್ಲಿಸಿದರು. ಅನಂತರ ಸುಟ್ಟು ಕಡಿಯುವ ಪದ್ಧತಿಯು ಅಲ್ಲಿ ರೂಢಿಗೆ ಬಂದಿತು. ನಮ್ಮ ರೈತರು ಇದರಿಂದ ಕಲಿಯಬೇಕಾದುದು ಗರಿ ಸುಡುವುದನ್ನಲ್ಲ. ಗರಿಯನ್ನು ಸುಟ್ಟರೆ ಭೂಮಿಗೆ ಸೇರಬೇಕಾದ ಸಾರವು ನಷ್ಟವಾಗುವುದು. ಕಲಿಯಬೇಕಾದುದೇನೆಂದರೆ, ಆಳಿನ ಆರೋಗ್ಯಕ್ಕೆ ತಗಲುವ ಅಲ್ಪ ವೆಚ್ಚವನ್ನು ಉಳಿಸಹೋಗಿ ಒಡೆಯನು ಸುಗ್ಗಿಯನ್ನೇ ಕಳೆದುಕೊಳ್ಳಬಹುದೆಂಬುದನ್ನು.

ನಮ್ಮ ದೇಶದಲ್ಲಿಯೂ ಒಂದು ನಿದರ್ಶನವುಂಟು. ಉತ್ತರ ಅಂಡಮಾನಿನ ದಿಗ್ಲಿಪುರದ ಕಡೆ 1988ರಿಂದ ಮೊದಲ್ಗೊಂಡು ಮಳೆಗಾಲವು ಮುಗಿಯುವ ಸುಮಾರಿಗೆ ಒಂದು ವಿಧವಾದ ಜ್ವರವು ಕಾಣಿಸಿಕೊಂಡು, ರೋಗಿಗಳು ರಕ್ತವನ್ನು ಕೆಮ್ಮಿ ಸಾಯುತ್ತಿದ್ದರು. ಕಾರಣವು ತಿಳಿಯದುದರಿಂದ ಅದಕ್ಕೆ ಅಂಡಮಾನ್ ರಕ್ತಸ್ರಾವ ಜ್ವರವೆಂದು ಹೆಸರಿಟ್ಟಿದ್ದರು. ಅದು ಇಲಿಜ್ವರವೇ ಎಂಬುದು 1993ರ ಪರೀಕ್ಷೆಗಳಿಂದ ಗೊತ್ತಾಯಿತು. ಸೋಜಿಗವೇನೆಂದರೆ, ಅದೇ ದ್ವೀಪಗಳಲ್ಲಿ ಈ ರೋಗವಿರುವುದನ್ನು ಕುರಿತು ಟೇಲರ್ ಮತ್ತು ಗೋಯ್ಲ್ ಎಂಬವರು 1931ರಲ್ಲಿಯೇ ವಿಸ್ತಾರವಾದ ವರದಿಯನ್ನು ಪ್ರಕಟಿಸಿದ್ದರು. ತಿಳಿದಿದ್ದ ರೋಗವು ಮರೆತುಹೋದುದರಿಂದ ಐದು ವರ್ಷಗಳ ಕಾಲ ಹೆಸರಿಲ್ಲದ ರೋಗವಾಗಿ ಜನರನ್ನು ಕೊಂದಿತು. ಜ್ಞಾಪಕವಿಲ್ಲದ ರೋಗವೇ ಹೆಚ್ಚು ಅಪಾಯಕರವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಾಗಿಲ್ಲ.

ಪ್ರಪಂಚದಲ್ಲಿ ವರ್ಷವೊಂದಕ್ಕೆ ಸುಮಾರು 10 ಲಕ್ಷ ಜನರಿಗೆ ಈ ರೋಗವು ತಗಲುವುದೆಂದೂ, ಅವರಲ್ಲಿ ಸುಮಾರು 59 ಸಾವಿರ ಜನರು ಮೃತರಾಗುವರೆಂದೂ 2015ರಲ್ಲಿ ಪ್ರಕಟವಾದ ಒಂದು ಅಂದಾಜಿನಿಂದ ತಿಳಿದುಬರುವುದು. ಇವರಲ್ಲಿ ಬಹುಭಾಗ ಉಷ್ಣದೇಶಗಳ ಬಡ ಶ್ರಮಜೀವಿಗಳು.

ರೋಗಾಣುವಿನ ಸ್ವರೂಪ

ಈ ರೋಗವನ್ನುಂಟುಮಾಡುವ ಸೂಕ್ಷ್ಮಾಣುವಿಗೆ ಲೆಪ್ಟೊಸ್ಪೈರಾ ಎಂದು ಹೆಸರು. ಇದು ತಿರುಚಿದ ಬಹು ಸಣ್ಣ ದಾರದಂತಿದ್ದು, ತುದಿಗಳು ಕೊಕ್ಕೆಯಂತೆ ಬಾಗಿರುವುವು. ಇದರ ದಪ್ಪವು ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದು ಪಾಲು; ಉದ್ದವು ಸುಮಾರು ನೂರರಲ್ಲಿ ಒಂದು ಪಾಲು. ಸಾಮಾನ್ಯವಾದ ಸೂಕ್ಷ್ಮದರ್ಶಕದಲ್ಲಿ ಇದು ಕಾಣಬರುವುದಿಲ್ಲ. ಕಪ್ಪು ಹಿನ್ನೆಲೆಯುಳ್ಳ ವಿಶೇಷ ಯಂತ್ರದಲ್ಲಿ ಮಾತ್ರ ಹೊಳೆಯುವ ಎಳೆಯಂತೆ ತಿರುಗುತ್ತಾ ಚಲಿಸುವುದನ್ನು ನೋಡಬಹುದು. ಇದರಲ್ಲಿ ಇನ್ನೂರೈವತ್ತಕ್ಕೂ ಮೇಲ್ಪಟ್ಟು ಪ್ರಭೇದಗಳುಂಟು. ಇವುಗಳಲ್ಲಿ ಕೆಲವು ಇಲಿಗಳಲ್ಲಿಯೂ, ಕೆಲವು ದನಗಳಲ್ಲಿಯೂ, ಕೆಲವು ಹಂದಿ ಮತ್ತು ನಾಯಿಗಳಲ್ಲಿಯೂ ವಿಶೇಷವಾಗಿ ನೆಲೆಸಿರುವುವು.

ಬಿಸಿಲು, ಒಣಗಾಳಿ, ಕಾಸಿದ ನೀರಿನ ಶಾಖ, ಬ್ಲೀಚಿಂಗ್ ಪುಡಿ, ಇವುಗಳಲ್ಲಿ ಯಾವುದು ತಾಕಿದರೂ ಈ ಸೂಕ್ಷ್ಮಾಣುವು ಬೇಗನೆ ಸಾಯುವುದು. ಹುಳಿಯಾದ ನೀರೂ ಇದಕ್ಕೆ ಒಗ್ಗದು. ಆದರೆ ನೆರಳಿನಲ್ಲಿ ನಿಂತ ಬೆಚ್ಚನೆಯ ಸಿಹಿನೀರಿನಲ್ಲಿಯೂ, ಒದ್ದೆ ಮಣ್ಣಿನಲ್ಲಿಯೂ, ಕೆಸರಿನಲ್ಲಿಯೂ ವಾರಗಟ್ಟಲೆ, ಕೆಲವು ವೇಳೆ ತಿಂಗಳುಗಟ್ಟಲೆ ಬದುಕಿರಬಲ್ಲದು. ಈ ಕಾರಣದಿಂದಲೇ ಬೇಸಗೆಯಲ್ಲಿ ವಿರಳವಾದ ರೋಗವು ಮಳೆಗಾಲದಲ್ಲಿ ಹೆಚ್ಚುವುದು.

ರೋಗವು ಹರಡುವ ರೀತಿ

ಇಲಿ ಕಚ್ಚಿದರೆ ಮಾತ್ರ ಇಲಿಜ್ವರ ಬರುವುದೆಂದು ಅನೇಕರು ತಿಳಿದಿರುವರು. ಇದು ಸರಿಯಲ್ಲ. ರೋಗಾಣುವು ಇಲಿ ಹೆಗ್ಗಣಗಳ ಮೂತ್ರಪಿಂಡದಲ್ಲಿ ಮನೆಮಾಡಿಕೊಂಡು, ಅವುಗಳಿಗೆ ಯಾವ ತೊಂದರೆಯನ್ನೂ ಕೊಡದೆ, ಅವು ಬದುಕಿರುವವರೆಗೂ ಮೂತ್ರದೊಡನೆ ಹೊರಬೀಳುತ್ತಿರುವುದು. ಆ ಮೂತ್ರವು ಗದ್ದೆಯ ನೀರಿಗೆ, ತೋಟದ ಕಪ್ಪಿಗೆ, ಕೊಟ್ಟಿಗೆಯ ಗುಂಡಿಗೆ, ಹುಲ್ಲಿಗೆ, ದವಸಕ್ಕೆ ಸೇರುವುದು. ಕಾಲಿನ ಬಿರುಕು, ಮುಳ್ಳಿನ ಗಾಯ, ಕುಡುಗೋಲಿನ ಗೀರು, ಬಹಳ ಹೊತ್ತು ನೀರಿನಲ್ಲಿ ನೆನೆದು ಮೆತ್ತಗಾದ ಚರ್ಮ, ಕಣ್ಣು, ಮೂಗು, ಬಾಯಿ, ಇವುಗಳ ಮೂಲಕ ರೋಗಾಣುವು ಒಳಹೊಕ್ಕು ರಕ್ತದಲ್ಲಿ ಬೆರೆಯುವುದು. ಆದಕಾರಣ ಹಲ್ಲಿಗಿಂತ ನೀರಿಗೇ ಹೆಚ್ಚು ಹೆದರಬೇಕು. ಮನುಷ್ಯನಿಂದ ಮನುಷ್ಯನಿಗೆ ಈ ರೋಗವು ಅಂಟುವುದು ಬಹಳ ಅಪರೂಪ. ಆದುದರಿಂದ ರೋಗಿಯನ್ನು ದೂರವಿಡುವುದಕ್ಕೆ ಕಾರಣವಿಲ್ಲ.

ನೆರೆ ಬಂದಾಗ ಬಿಲಗಳಲ್ಲಿದ್ದ ಇಲಿಗಳು ಮನೆಗಳಿಗೆ ನುಗ್ಗುವುವು. ಚರಂಡಿ, ಕೊಟ್ಟಿಗೆ, ಗದ್ದೆಗಳ ನೀರೆಲ್ಲವೂ ಒಂದಾಗುವುದು. ಮುಂಬಯಿಯಲ್ಲಿ 2005ನೆಯ ಜುಲೈ 26ರಂದು ಒಂದೇ ದಿನದಲ್ಲಿ 944 ಮಿಲಿಮೀಟರ್ ಮಳೆಯಾದ ತರುವಾಯವೂ, 2018ರ ಆಗಸ್ಟ್ ತಿಂಗಳಿನಲ್ಲಿ ಕೇರಳದಲ್ಲಿ ಮಹಾಪ್ರವಾಹವಾದ ತರುವಾಯವೂ ಈ ಜ್ವರವು ಹೆಚ್ಚಾಗಿ ಹಬ್ಬಿದುದು ಈ ಕಾರಣದಿಂದಲೇ.

ದನಕರುಗಳಲ್ಲಿ ಈ ರೋಗ

ಇದು ಮನುಷ್ಯರಿಗೆ ಮಾತ್ರ ಬರುವ ರೋಗವಲ್ಲ. ದನ, ಎಮ್ಮೆ, ಹಂದಿ, ಕುರಿ, ಮೇಕೆ, ನಾಯಿಗಳಿಗೂ ತಗಲುವುದು. ಹಸುವಿಗೆ ಜ್ವರ ಬಂದು ಹಾಲು ಹಠಾತ್ತಾಗಿ ಇಳಿಯುವುದು. ಕೆಚ್ಚಲು ಬಿರುಸಾಗದೆ ಸಡಿಲವಾಗಿಯೇ ಇರುವುದು. ಹಾಲು ಹಳದಿ ಬಣ್ಣಕ್ಕೆ ತಿರುಗಿ, ಒಮ್ಮೊಮ್ಮೆ ರಕ್ತದ ಛಾಯೆಯನ್ನು ಹೊಂದುವುದು. ಗಬ್ಬದ ಹಸುಗಳು, ಮುಖ್ಯವಾಗಿ ಕೊನೆಯ ತಿಂಗಳುಗಳಲ್ಲಿ, ಕಂದು ಹಾಕುವುವು. ಎಳೆಗರುಗಳಿಗೆ ತೀವ್ರವಾದ ಜ್ವರವೂ ಕೆಂಪು ಮೂತ್ರವೂ ಕಾಣಿಸಿಕೊಂಡು ಅವು ಸಾಯುವುದುಂಟು. ಆದರೆ ಅನೇಕ ದನಗಳಲ್ಲಿ ಯಾವ ಚಿಹ್ನೆಯೂ ತೋರದೆ, ರೋಗಾಣುವು ತಿಂಗಳುಗಟ್ಟಲೆ ಗಂಜಲದೊಡನೆ ಹೊರಬೀಳುತ್ತಿರುವುದು. ನೋಡಲು ಪುಷ್ಟವಾಗಿರುವ ದನವು ರೋಗರಹಿತವೆಂದು ನಂಬುವುದಕ್ಕಿಲ್ಲ.

ಕಂದು ಹಾಕುವುದಕ್ಕೆ ಬ್ರೂಸೆಲ್ಲೋಸಿಸ್ ಮೊದಲಾದ ಬೇರೆ ರೋಗಗಳೂ ಕಾರಣವಾಗುವುದರಿಂದ, ಒಂದೇ ಹಟ್ಟಿಯಲ್ಲಿ ಅಥವಾ ಒಂದೇ ಊರಿನಲ್ಲಿ ಒಂದಕ್ಕಿಂತ ಹೆಚ್ಚು ದನಗಳು ಕಂದು ಹಾಕಿದಲ್ಲಿ ಕೂಡಲೇ ಪಶುವೈದ್ಯರಿಗೆ ತಿಳಿಸಿ ರಕ್ತಪರೀಕ್ಷೆ ಮಾಡಿಸತಕ್ಕದ್ದು. ದೃಷ್ಟಿ ತಾಕಿತೆಂದೋ ಮೇವು ಕೆಟ್ಟಿತೆಂದೋ ಸುಮ್ಮನಿರುವುದು ನಷ್ಟಕ್ಕೆ ಕಾರಣ. ಬಿದ್ದ ಕಂದನ್ನೂ ಕಸವನ್ನೂ ಬರಿಗೈಯಿಂದ ಎತ್ತಿ ಹಳ್ಳಕ್ಕೆ ಎಸೆಯುವ ಅಭ್ಯಾಸವು ಬಹಳ ಕೆಟ್ಟದ್ದು. ಅವುಗಳನ್ನು ಆಳವಾಗಿ ಹೂಳಿ ಮೇಲೆ ಸುಣ್ಣವನ್ನು ಚೆಲ್ಲಬೇಕು. ನ್ಯೂಜಿಲೆಂಡ್ ದೇಶದಲ್ಲಿ ಹಾಲು ಕರೆಯುವವರ ಮುಖಕ್ಕೆ ಹಸುಗಳ ಮೂತ್ರವು ಸಿಡಿದು ಅನೇಕರಿಗೆ ಈ ರೋಗ ತಗಲುತ್ತಿದ್ದಿತು. ಹಸುಗಳಿಗೆ ಲಸಿಕೆ ಹಾಕಿಸತೊಡಗಿದ ಮೇಲೆ ಜನರಲ್ಲಿಯೂ ರೋಗವು ಬಹುಮಟ್ಟಿಗೆ ಇಳಿಯಿತು. ದನದ ಆರೋಗ್ಯವೂ ದನ ಕಾಯುವವನ ಆರೋಗ್ಯವೂ ಬೇರೆ ಬೇರೆಯಲ್ಲವೆಂಬುದಕ್ಕೆ ಇದೊಂದು ದೃಷ್ಟಾಂತ.

ಮನುಷ್ಯರಲ್ಲಿ ಲಕ್ಷಣಗಳು

ರೋಗಾಣುವು ದೇಹವನ್ನು ಹೊಕ್ಕ ಮೇಲೆ ಸಾಮಾನ್ಯವಾಗಿ 5ರಿಂದ 14 ದಿನಗಳೊಳಗೆ ಜ್ವರವು ಕಾಣಿಸುವುದು. ಜ್ವರವು ಚಳಿಯೊಡನೆ ಥಟ್ಟನೆ ಏರುವುದು, ತಲೆನೋವು ವಿಪರೀತವಾಗಿರುವುದು. ಮೈಯೆಲ್ಲಾ ನೋಯುವುದಾದರೂ, ವಿಶೇಷವಾಗಿ ಕಾಲಿನ ಮೀನಖಂಡಗಳೂ ಸೊಂಟವೂ ಮುಟ್ಟಿದರೆ ಸಹಿಸಲಾಗದಷ್ಟು ನೋಯುವುವು. ಕಣ್ಣುಗಳು ಕೀವಿಲ್ಲದೆ ಕೆಂಪಗಾಗುವುವು. ಗದ್ದೆಯಲ್ಲಿ ದುಡಿಯುವವನಿಗೆ ಮೀನಖಂಡದ ನೋವೂ ಕೆಂಗಣ್ಣೂ ಕೂಡಿದ ಜ್ವರ ಬಂದರೆ, ಇಲಿಜ್ವರವೆಂದು ಶಂಕಿಸಿಯೇ ಮುಂದುವರಿಯಬೇಕು.

ಇಲ್ಲಿ ಒಂದು ಮೋಸವುಂಟು. ಸುಮಾರು ಒಂದು ವಾರದಲ್ಲಿ ಜ್ವರವು ತಾನಾಗಿಯೇ ಇಳಿದು, ಒಂದೆರಡು ದಿನ ರೋಗಿಯು ಚೇತರಿಸಿಕೊಂಡಂತೆ ಕಾಣಬಹುದು. ಗುಣವಾಯಿತೆಂದು ಅವನು ಪುನಃ ನೇಗಿಲು ಹಿಡಿಯುವನು. ಕೆಲವರಲ್ಲಿ ರೋಗವು ಇಷ್ಟಕ್ಕೇ ಮುಗಿಯುವುದು. ಉಳಿದವರಲ್ಲಿ ಜ್ವರವು ಮರುಕಳಿಸುವುದು. ರೋಗವು ಉಲ್ಬಣಿಸಿದವರಲ್ಲಿ ಕಣ್ಣು ಮೈಗಳು ಹಳದಿಯಾಗುವುವು, ಮೂತ್ರವು ಕಡಿಮೆಯಾಗುವುದು, ಉಸಿರು ಕಟ್ಟುವುದು, ಕೆಮ್ಮಿನಲ್ಲಿ ರಕ್ತ ಬೀಳುವುದು. ಇಂತಹ ತೀವ್ರವಾದ ರೋಗದಲ್ಲಿ ನೂರಕ್ಕೆ 5ರಿಂದ 15 ಜನರು ಸಾಯುವರು. ಶ್ವಾಸಕೋಶದಲ್ಲಿ ರಕ್ತಸ್ರಾವವಾದರೆ ಅರ್ಧಕ್ಕೂ ಹೆಚ್ಚು ಜನರು ಉಳಿಯುವುದು ಕಷ್ಟ.

ಮೈ ಹಳದಿಯಾದೊಡನೆ ಕಾಮಾಲೆಯೆಂದು ನಿಶ್ಚಯಿಸಿ, ಸೊಪ್ಪಿನ ಔಷಧಿ ಕೊಡುವವರಲ್ಲಿಗೆ ಹೋಗಿ ಪಥ್ಯ ಮಾಡುತ್ತಾ ಕುಳಿತುಕೊಳ್ಳುವುದು ನಮ್ಮಲ್ಲಿ ಬಳಕೆಯಲ್ಲಿದೆ. ಇಲಿಜ್ವರದ ಕಾಮಾಲೆಯಲ್ಲಿ ಯಕೃತ್ತಿಗಿಂತ ಮೂತ್ರಪಿಂಡ ಶ್ವಾಸಕೋಶಗಳ ಕೆಡುಕೇ ಪ್ರಾಣಾಪಾಯಕರವಾದುದರಿಂದ, ಹೀಗೆ ಕಳೆಯುವ ನಾಲ್ಕು ದಿನಗಳೇ ಮೃತ್ಯುವಿಗೆ ಕಾರಣವಾಗಬಹುದು. ಜ್ವರವೂ ಕಾಮಾಲೆಯೂ ಒಟ್ಟಿಗೆ ಇದ್ದರೆ ಆ ದಿವಸವೇ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು.

ಮಲೆನಾಡಿನವರು ಮತ್ತೊಂದು ಸಂಗತಿಯನ್ನು ಗಮನಿಸಬೇಕು. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಲ್ಪಟ್ಟ ಮಂಗನ ಕಾಯಿಲೆಯಲ್ಲಿಯೂ ಜ್ವರ, ಮೈನೋವು, ಕೆಂಗಣ್ಣುಗಳು ಕಾಣುವುವು. ಆದರೆ ಅದು ಉಣ್ಣೆಯ ಕಡಿತದಿಂದ, ಬಹುಮಟ್ಟಿಗೆ ಮಳೆ ನಿಂತ ಮೇಲಿನ ಒಣ ತಿಂಗಳುಗಳಲ್ಲಿ, ಕಾಡಿಗೆ ಹೋಗುವವರಿಗೆ ಬರುವುದು. ಇಲಿಜ್ವರವು ನೀರಿನಿಂದ, ಬಹುಮಟ್ಟಿಗೆ ಮಳೆಗಾಲದಲ್ಲಿ ಮತ್ತು ಅದರ ಕೊನೆಯಲ್ಲಿ, ಗದ್ದೆ ತೋಟಗಳಲ್ಲಿ ದುಡಿಯುವವರಿಗೆ ಬರುವುದು. ರೋಗಿಯು ಹಿಂದಿನ ಎರಡು ವಾರಗಳಲ್ಲಿ ಎಲ್ಲಿ ಏನು ಕೆಲಸ ಮಾಡಿದನೆಂಬುದನ್ನು ವೈದ್ಯರಿಗೆ ತಿಳಿಸಿದರೆ ರೋಗನಿರ್ಣಯಕ್ಕೆ ಬಹಳ ಸಹಾಯವಾಗುವುದು.

ಚಿಕಿತ್ಸೆ

ಈ ರೋಗಕ್ಕೆ ಒಳ್ಳೆಯ ಔಷಧಗಳಿವೆ. ಡಾಕ್ಸಿಸೈಕ್ಲಿನ್, ಪೆನ್ಸಿಲಿನ್ ಮುಂತಾದವುಗಳನ್ನು ವೈದ್ಯರು ಕೊಡುವರು. ಮೊದಲ ದಿನಗಳಲ್ಲಿ ಕೊಟ್ಟರೆ ಗುಣವು ಚೆನ್ನಾಗಿರುವುದು. ರಕ್ತದಲ್ಲಿ ರೋಗನಿರೋಧಕ ವಸ್ತುವನ್ನು ಹುಡುಕುವ ಪರೀಕ್ಷೆಯು ಮೊದಲ ಐದಾರು ದಿನಗಳಲ್ಲಿ ರೋಗವಿದ್ದರೂ ಇಲ್ಲವೆಂದು ತೋರಿಸಬಹುದು. ಆದಕಾರಣ ಪರೀಕ್ಷೆಯ ಫಲಕ್ಕಾಗಿ ಕಾಯದೆ ಲಕ್ಷಣವನ್ನು ನೋಡಿಯೇ ವೈದ್ಯರು ಔಷಧವನ್ನು ಆರಂಭಿಸುವುದುಂಟು. ಇದನ್ನು ಕುರಿತು ಸಂದೇಹಪಡಬೇಕಾಗಿಲ್ಲ. ಅಂಗಡಿಯಿಂದ ನೋವಿನ ಮಾತ್ರೆಗಳನ್ನು ತಂದು ನುಂಗುವುದು ಮಾತ್ರ ಸರ್ವಥಾ ಕೂಡದು. ಅವುಗಳಲ್ಲಿ ಕೆಲವು ಮೊದಲೇ ಕುಗ್ಗಿದ ಮೂತ್ರಪಿಂಡಕ್ಕೆ ಮತ್ತಷ್ಟು ಹಾನಿ ಮಾಡುವುವು.

ನಿವಾರಣೋಪಾಯಗಳು

(1) ಕಾಲು ಕೈಗಳಲ್ಲಿ ಗಾಯವಿರುವವರನ್ನು ನಿಂತ ನೀರಿಗೆ ಇಳಿಸಕೂಡದು. ಇಳಿಯಲೇಬೇಕಾದಲ್ಲಿ ನೀರು ಹೋಗದ ಪಟ್ಟಿಯಿಂದ ಗಾಯವನ್ನು ಮುಚ್ಚಬೇಕು.

(2) ತೋಟದ ಕಪ್ಪು, ಚರಂಡಿ, ಕೊಟ್ಟಿಗೆ, ಗೊಬ್ಬರದ ಗುಂಡಿ, ಇವುಗಳನ್ನು ಶುದ್ಧಿಮಾಡುವವರಿಗೆ ಮೊಳಕಾಲುದ್ದದ ರಬ್ಬರಿನ ಬೂಟುಗಳನ್ನೂ ಕೈಚೀಲಗಳನ್ನೂ ಕೊಡಬೇಕು. ನಾಟಿಯ ಕೆಸರಿನಲ್ಲಿ ಬೂಟು ಹೂತುಹೋಗುವುದರಿಂದ ಅಲ್ಲಿ ಅದು ನಡೆಯದೆಂಬುದು ಅನುಭವದ ಮಾತು. ಅಲ್ಲಿ ಮೇಲೆ ಹೇಳಿದ ಮೊದಲನೆಯ ನಿಯಮವನ್ನೂ ಮುಂದಿನ ನಿಯಮವನ್ನೂ ಬಿಗಿಯಾಗಿ ಪಾಲಿಸತಕ್ಕದ್ದು.

(3) ಕೆಲಸ ಮುಗಿದೊಡನೆ ಕೈಕಾಲು ಮುಖಗಳನ್ನು ಸಾಬೂನು ಹಚ್ಚಿ ಶುದ್ಧವಾದ ನೀರಿನಿಂದ ತೊಳೆದು ಒರಸಿಕೊಳ್ಳಬೇಕು. ಗದ್ದೆಯ ಕಾಲುವೆಯಲ್ಲಿಯೇ ಮುಖ ತೊಳೆದು ಬಾಯಿ ಮುಕ್ಕಳಿಸುವುದು ತಪ್ಪು.

(4) ಕುಡಿಯುವ ನೀರನ್ನು ಕುದಿಸಬೇಕು. ಹಾಲನ್ನೂ ಕಾಯಿಸಿಯೇ ಕುಡಿಯಬೇಕು. ಅನ್ನ, ದವಸ, ಹಿಂಡಿಗಳನ್ನು ಇಲಿ ಮುಟ್ಟದಂತೆ ಮುಚ್ಚಿಡಬೇಕು.

(5) ಕೊಟ್ಟಿಗೆಯ ನೆಲವು ಗಂಜಲ ನಿಲ್ಲದಂತೆ ಇಳಿಜಾರಾಗಿರಬೇಕು. ಗಂಜಲವು ಕುಡಿಯುವ ನೀರಿನ ಬಾವಿಯ ಕಡೆಗೆ ಹರಿಯಕೂಡದು. ರೋಗದ ಶಂಕೆಯುಳ್ಳ ದನವನ್ನು ಪ್ರತ್ಯೇಕವಾಗಿ ಕಟ್ಟಿ, ಅದರ ಗಂಜಲವನ್ನು ಯಾವ ಉಪಯೋಗಕ್ಕೂ ತೆಗೆದುಕೊಳ್ಳಕೂಡದು.

(6) ಇಲಿಗಳನ್ನು ಒಬ್ಬನೇ ರೈತನು ನಾಶಮಾಡಿದರೆ ಪ್ರಯೋಜನವಿಲ್ಲ. ನೆರೆಯ ಜಮೀನಿನ ಇಲಿಗಳು ಕೆಲವೇ ದಿನಗಳಲ್ಲಿ ಬಂದು ತುಂಬಿಕೊಳ್ಳುವುವು. ಊರವರೆಲ್ಲರೂ ಒಂದೇ ವಾರದಲ್ಲಿ, ನಾಟಿಗೆ ಮುಂಚೆ, ಒಟ್ಟಾಗಿ ಕೆಲಸ ನಡೆಸಬೇಕು. ಅಗಲವಾದ ಬದುಗಳನ್ನು ಕಿರಿದು ಮಾಡಿ ಕಳೆಯನ್ನು ಸವರಬೇಕು. ಸಂಜೆ ಬಿಲಗಳನ್ನೆಲ್ಲಾ ಮುಚ್ಚಿ, ಬೆಳಗ್ಗೆ ತೆರೆದಿರುವುವುಗಳಿಗೆ ಮಾತ್ರ ಆಹಾರವನ್ನು ಹಾಕಬೇಕು. ಎರಡು ಮೂರು ದಿನ ವಿಷವಿಲ್ಲದ ಕಾಳನ್ನಿಟ್ಟು ರೂಢಿ ಮಾಡಿಸಿದ ಮೇಲೆ, ಕೃಷಿ ಇಲಾಖೆಯವರ ಸಲಹೆಯಂತೆ ವಿಷಾಹಾರವನ್ನಿಡತಕ್ಕದ್ದು. ಮಕ್ಕಳಿಗೂ ದನಗಳಿಗೂ ಅದು ಸಿಕ್ಕದಂತೆ ನೋಡಿಕೊಳ್ಳಬೇಕು. ಸತ್ತ ಇಲಿಗಳನ್ನು ಬರಿಗೈಯಿಂದ ಮುಟ್ಟದೆ ಆಳವಾಗಿ ಹೂಳಬೇಕು. ಗೂಬೆಗಳು ಇಲಿಗಳನ್ನು ತಿಂದು ರೈತನಿಗೆ ಉಪಕಾರ ಮಾಡುವುದರಿಂದ, ಅಪಶಕುನವೆಂದು ಅವುಗಳನ್ನು ಕೊಲ್ಲಕೂಡದು.

(7) ನೆರೆ ಬಂದ ಊರುಗಳಲ್ಲಿ ವಾರಕ್ಕೊಮ್ಮೆ ಡಾಕ್ಸಿಸೈಕ್ಲಿನ್ ಮಾತ್ರೆಯನ್ನು ಮುಂಜಾಗ್ರತೆಗಾಗಿ ಕೊಡುವ ಕ್ರಮವುಂಟು. ಆದರೆ ಇದನ್ನು ವೈದ್ಯರ ಅಪ್ಪಣೆಯ ಮೇರೆಗೆ ಮಾತ್ರ ತೆಗೆದುಕೊಳ್ಳಬೇಕು.

ಗ್ರಾಮಮುಖ್ಯಸ್ಥರ ಮತ್ತು ಜಮೀನುದಾರರ ಕರ್ತವ್ಯ

ಮೇಲ್ಕಂಡ ಉಪಾಯಗಳಲ್ಲಿ ಕೂಲಿಯಾಳು ತಾನಾಗಿಯೇ ಮಾಡಬಹುದಾದುದು ಸ್ವಲ್ಪ. ಒಡೆಯನು ಮಾಡಬೇಕಾದುದು ಹೆಚ್ಚು. ಕಾಲಿನಲ್ಲಿ ಗಾಯವಿದ್ದರೆ ಅಂದಿನ ಕೂಲಿ ತಪ್ಪುವುದೆಂಬ ಭಯದಿಂದ ಆಳು ಅದನ್ನು ಮರೆಮಾಚಿ ಕೆಸರಿಗೆ ಇಳಿಯುವನು. ಅದೇ ಭಯದಿಂದ ಜ್ವರ ಬಂದರೂ ಹೇಳದೆ ಮತ್ತೊಂದು ದಿನ ದುಡಿಯುವನು. ಗಾಯವಾದವನಿಗೆ ಅದೇ ಕೂಲಿಯ ಮೇಲೆ ಒಣ ಕೆಲಸವನ್ನು, ಬೀಜ ಹಸನು ಮಾಡುವುದು, ಹಗ್ಗ ಹೊಸೆಯುವುದು, ಕಣಜ ದುರಸ್ತು ಮಾಡುವುದು ಮುಂತಾದುದನ್ನು, ಕೊಡುವ ಪದ್ಧತಿಯನ್ನು ಜಮೀನುದಾರರು ಇಟ್ಟುಕೊಂಡರೆ ಈ ಭಯವು ನಿವಾರಣೆಯಾಗುವುದು. ಇದಕ್ಕೆ ತಗಲುವ ವೆಚ್ಚವು ಅಲ್ಪ. ಹಂಗಾಮಿನ ನಡುವೆ ನುರಿತ ಆಳೊಬ್ಬನು ತಿಂಗಳುಗಟ್ಟಲೆ ಮಲಗಿದರೆ ಅಥವಾ ಅವನ ಮನೆಯವರು ಅನಾಥರಾದರೆ ಆಗುವ ನಷ್ಟಕ್ಕೆ ಅದನ್ನು ಹೋಲಿಸಲಾಗದು.

ಗ್ರಾಮಮುಖ್ಯಸ್ಥರು ಮಳೆಗಾಲಕ್ಕೆ ಮುಂಚೆ ಒಂದು ದಿನ ಊರವರನ್ನು ಸೇರಿಸಿ, ಇಲಿನಾಶಕ್ಕೆ ವಾರವನ್ನು ಗೊತ್ತುಮಾಡಬೇಕು; ಕೆಂಗಣ್ಣು ಮೀನಖಂಡದ ನೋವುಗಳ ಗುರುತನ್ನು ಎಲ್ಲರಿಗೂ ಹೇಳಬೇಕು. ಒಂದೇ ಕೇರಿಯಲ್ಲಿ ಇಬ್ಬರು ಮೂವರಿಗೆ ಇಂತಹ ಜ್ವರ ಬಂದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ, ದನಗಳು ಕಂದು ಹಾಕಿದಲ್ಲಿ ಪಶುಚಿಕಿತ್ಸಾಲಯಕ್ಕೂ ತಡವಿಲ್ಲದೆ ಸುದ್ದಿ ಮುಟ್ಟಿಸಬೇಕು. ಈ ಎರಡು ಸುದ್ದಿಗಳೂ ಒಂದೇ ಊರಿನಿಂದ ಒಂದೇ ಕಾಲಕ್ಕೆ ಬಂದರೆ ಅದನ್ನು ವಿಶೇಷವಾಗಿ ತಿಳಿಸತಕ್ಕದ್ದು. ಬೆಂಗಳೂರಿನ ಯಲಹಂಕದಲ್ಲಿರುವ ಪಶುರೋಗಗಳ ರಾಷ್ಟ್ರೀಯ ಸಂಶೋಧನಾ ಸಂಸ್ಥೆಯಲ್ಲಿ ಈ ರೋಗದ ಪರೀಕ್ಷೆಗೆ ಏರ್ಪಾಡಿರುವುದರಿಂದ, ಪಶುವೈದ್ಯರ ಮೂಲಕ ದನಗಳ ರಕ್ತವನ್ನು ಕಳುಹಿಸಿ ನಿಜಸ್ಥಿತಿಯನ್ನು ತಿಳಿಯಬಹುದು.

ನೀರಿಲ್ಲದೆ ಬೇಸಾಯವಿಲ್ಲ, ನೀರಿಗೆ ಇಳಿಯದೆ ಭತ್ತವಿಲ್ಲ. ಆದುದರಿಂದ ಈ ರೋಗಕ್ಕೆ ಹೆದರಿ ಗದ್ದೆಯನ್ನು ಬಿಡುವುದು ಸಾಧ್ಯವಿಲ್ಲ, ಬಿಡಬೇಕಾಗಿಯೂ ಇಲ್ಲ. ಗಾಯವನ್ನು ಮುಚ್ಚುವುದು, ಇಲಿಯನ್ನು ಒಟ್ಟಾಗಿ ಅಡಗಿಸುವುದು, ಜ್ವರವನ್ನು ಮೊದಲ ದಿನಗಳಲ್ಲಿಯೇ ವೈದ್ಯರಿಗೆ ತೋರಿಸುವುದು, ಇವು ಮೂರನ್ನು ಪಾಲಿಸಿದರೆ ಈ ರೋಗದಿಂದಾಗುವ ಮರಣಗಳಲ್ಲಿ ಬಹುಭಾಗವನ್ನು ತಪ್ಪಿಸಬಹುದು. ಬರುವ ನಾಟಿಯ ಕಾಲದೊಳಗಾಗಿ ಪ್ರತಿಯೊಂದು ಗ್ರಾಮದಲ್ಲಿಯೂ ಈ ವಿಷಯವನ್ನು ಓದಿ ಹೇಳಿಸುವ ಏರ್ಪಾಡನ್ನು ಮುಖ್ಯಸ್ಥರು ಮಾಡುವರೆಂದು ಆಶಿಸಲಾಗಿದೆ.